ಬೈಕಿನ ಟ್ಯಾಂಕ್ ಇಳಿಸುವ ಮುನ್ನ ಬಚ್ಚಲೊಲೆ ಆರಿಸಿ

"ಬೈಕು ಗಂಡಸರ ಬಾಬ್ತು. ಅದರ ಟ್ಯಾಂಕು ಸೋರಿದರೆ ನಮಗೇನು?" ಅಂತ ಈ ಪುಟ ಮಗುಚಿಬಿಡಬೇಡಿ, ಸೋದರಿ. ಒಂದು ಗಳಿಗೆ ಯೋಚಿಸಿ ನೋಡಿ. ಪೇಟೆಯಿಂದ ದಿನಸಿ ಬರುವುದು ಆ ಬೈಕಿನ ಮೇಲೆ. ಮಗುವಿಗೆ ಅಪರಾತ್ರಿಯಲ್ಲಿ ಜ್ವರ ಏರಿದರೆ ಆಸ್ಪತ್ರೆಗೆ ಓಡುವುದು ಅದರ ಮೇಲೆ. ಅಪ್ಪ ಮಗುವನ್ನು ಕೂರಿಸಿಕೊಳ್ಳುವ ಜಾಗವೂ ಎಷ್ಟೋ ಮನೆಗಳಲ್ಲಿ ಆ ಟ್ಯಾಂಕಿನ ಮೇಲೆಯೇ! ರಾತ್ರಿ ಅದು ನಿಲ್ಲುವುದೆಲ್ಲಿ? ಜಗಲಿಯ ಪಕ್ಕದಲ್ಲಿ, ಇಲ್ಲವೇ ಕೊಟ್ಟಿಗೆಯ ಮಾಡಿನ ಕೆಳಗೆ. ಅಲ್ಲಿಂದ ಹತ್ತು ಹೆಜ್ಜೆಗೆ ಬಚ್ಚಲೊಲೆ. ಒಲೆಯ ಉಸ್ತುವಾರಿ ಯಾರದು? ನಮ್ಮದೇ ತಾನೆ? ಅಂದಮೇಲೆ ಟ್ಯಾಂಕಿನ ವಿಷಯ ನಮ್ಮದೂ ಹೌದು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುವ ಮಾತು. ನಮ್ಮಲ್ಲಿ ತೋಟದ ನಡುವೆ ಒಂಟಿಮನೆಗಳು ಹೆಚ್ಚು, ಬಸ್ಸು ಕಡಿಮೆ. ಶರಾವತಿ ಹಿನ್ನೀರಿನ ಆಚೆ ಇರುವವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಬೈಕನ್ನು ಲಾಂಚಿಗೆ ಹತ್ತಿಸಿಕೊಂಡೇ ಸಾಗರಕ್ಕೆ ಬರುತ್ತಿದ್ದರು. ಹೀಗಿರುವಾಗ ಬೈಕು ಒಂದು ವಾರ ಮೂಲೆಗೆ ಬಿದ್ದರೆ ಮನೆಯ ಕೈಕಾಲು ಕಟ್ಟಿದ ಹಾಗೆ.

ಮಳೆನಾಡಿನ ತುಕ್ಕು

ಟ್ಯಾಂಕು ಎಂದರೆ ತೆಳುವಾದ ಉಕ್ಕಿನ ತಗಡನ್ನು ಎರಡು ಹೋಳಾಗಿ ಒತ್ತಿ, ಅಂಚಿಗೆ ಬೆಸುಗೆ ಹಾಕಿದ ಪೆಟ್ಟಿಗೆ. ಹೊರಗೆ ಬಣ್ಣ ಉಂಟು, ಒಳಗೆ ಅಷ್ಟು ಕಾವಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಅದಕ್ಕೆ ಸರಿಸಾಟಿ. ಅಟ್ಟದ ಮೇಲಿನ ಹಪ್ಪಳವೇ ಮೆತ್ತಗಾಗುವ ಹವೆಯಲ್ಲಿ ಕಬ್ಬಿಣ ಸುಮ್ಮನಿರುತ್ತದೆಯೆ?

ಟ್ಯಾಂಕು ಅರ್ಧ ಖಾಲಿ ಇದ್ದರೆ ಮಿಕ್ಕ ಜಾಗದಲ್ಲಿ ಗಾಳಿ ತುಂಬಿರುತ್ತದೆ. ರಾತ್ರಿ ತಂಪಾದಾಗ ಆ ಗಾಳಿಯ ತೇವ ತಗಡಿನ ಒಳಮೈಗೆ ಬೆವರಿನ ಹಾಗೆ ಕೂರುತ್ತದೆ, ತಣ್ಣೀರಿನ ಸ್ಟೀಲು ಲೋಟದ ಹೊರಮೈ ಬೆವರುವುದಿಲ್ಲವೆ, ಹಾಗೆಯೇ. ನೀರು ಪೆಟ್ರೋಲಿಗಿಂತ ಭಾರ. ಅದು ತಳಕ್ಕಿಳಿದು ಅಂಚಿನ ಬೆಸುಗೆಯ ಹತ್ತಿರವೇ ನಿಂತು, ಒಳಗಿನಿಂದ ತಗಡನ್ನು ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತೂತು ಬಿದ್ದಾಗಿರುತ್ತದೆ.

ಈಗಿನ ಪೆಟ್ರೋಲಿನದು ಮತ್ತೊಂದು ಗುಣ. ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಹಳೆಯ ಬೈಕುಗಳ ರಬ್ಬರು ಕೊಳವೆ, ವಾಷರುಗಳನ್ನೂ ಇದು ಬೇಗ ಕೆಡಿಸಬಲ್ಲದು. ಆದ್ದರಿಂದ ಮಳೆಗಾಲದಲ್ಲಿ ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸಿ ಇಡಬೇಡಿ. ನಿಲ್ಲಿಸಲೇಬೇಕಾದರೆ ಟ್ಯಾಂಕು ತುಂಬಿಸಿ ನಿಲ್ಲಿಸಿ. ಮುಚ್ಚಳದ ಒಳಗಿನ ರಬ್ಬರು ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಇದು ಅಗ್ಗದ ಔಷಧ.

ಹೊಸದು ಕೊಂಡರಾಗದೆ?

ಕೊಳ್ಳಬಹುದು, ಈಚಿನ ಬೈಕಾದರೆ. ಆದರೆ ನಮ್ಮ ಕಡೆ ಅಜ್ಜನ ಕಾಲದ ಜಾವಾ, ಮಾವನವರ ಯೆಜ್ಡಿ ಇನ್ನೂ ಕೊಟ್ಟಿಗೆಯಲ್ಲಿ ಉಳಿದಿರುವ ಮನೆಗಳುಂಟು. ಇವು ನಮ್ಮ ಮೈಸೂರಿನವೇ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ನೆರವಿನಿಂದ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೆ ಕಂಪನಿಯಿಂದ ಮತ್ತೆ ಮಾರುಕಟ್ಟೆಗೆ ಬಂದವು ನಿಜ, ಆದರೆ ಆ ಬೈಕುಗಳೇ ಬೇರೆ. ಅವುಗಳ ಟ್ಯಾಂಕು ಇವಕ್ಕೆ ಕೂರುವುದಿಲ್ಲ. ಹಾಗಾಗಿ ಹಳೆಯ ಟ್ಯಾಂಕನ್ನು ಗುಜರಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಿ. ತಳದಲ್ಲಿ ಒಂದೆರಡು ಸೂಜಿತೂತು ಬಿದ್ದ ಟ್ಯಾಂಕು ರಿಪೇರಿಯಾಗುತ್ತದೆ. ತಳವೆಲ್ಲ ಜರಡಿಯಾಗಿದ್ದರೆ ಮಾತ್ರ ಆಸೆ ಬಿಡಬೇಕು.

ಸೋರುವುದನ್ನು ಕಂಡುಹಿಡಿಯುವುದು

ಬೆಳಿಗ್ಗೆ ಜಗಲಿ ಗುಡಿಸಲು ಬರುವವರು ನಾವೇ. ಮೊದಲು ವಾಸನೆ ಹೊಡೆಯುವುದೂ ನಮಗೇ. ಪೆಟ್ರೋಲು ವಾಸನೆ ಬಂದರೆ "ನಿನ್ನೆ ತುಂಬಿಸಿದ್ದರಲ್ಲ, ಅದಕ್ಕೇ ಇರಬೇಕು" ಅಂತ ಸುಮ್ಮನಾಗಬೇಡಿ. ಮೊದಲು ಬೈಕನ್ನು ಅಂಗಳದ ಬಯಲಿಗೆ ತಳ್ಳಿಸಿ. ಟ್ಯಾಂಕಿನ ಕೆಳಗಿನ ಅಂಚು, ಕಾಕ್ ಕೂರುವ ಜಾಗ, ಮುಂದಿನ ರಬ್ಬರು ಉಜ್ಜುವ ಜಾಗ, ಇವುಗಳನ್ನು ಒಣಬಟ್ಟೆಯಿಂದ ಒರೆಸಿ ಮಕ್ಕಳ ಸೀಮೆಸುಣ್ಣವನ್ನು ಉಜ್ಜಿ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಒದ್ದೆ ಗೆರೆ ಮೂಡಿದರೆ ಅಲ್ಲೇ ಕಳ್ಳ ಸಿಕ್ಕಿದ ಹಾಗೆ.

ತೂತಿಗೆ ಬಟ್ಟೆ ತೊಳೆಯುವ ಸಾಬೂನು ತಿಕ್ಕಿ ದಿನ ದೂಡುವವರಿದ್ದಾರೆ. ದಾರಿಯಲ್ಲಿ ಕೆಟ್ಟು ನಿಂತಾಗ ಮೆಕ್ಯಾನಿಕ್ಕಿನ ಅಂಗಡಿ ಮುಟ್ಟಿಸುವಷ್ಟಕ್ಕೆ ಅದು ಸರಿ. ಅದೇ ಸಾಬೂನಿನ ಮೇಲೆ ಮಳೆಗಾಲ ಕಳೆಯುತ್ತೇನೆ ಅನ್ನುವುದು ಸಲ್ಲ. ಟ್ಯಾಂಕಿನ ಕೆಳಗೇ ಬಿಸಿ ಇಂಜಿನ್ನು ಇದೆ, ಕಿಡಿ ಹೊಡೆಯುವ ಪ್ಲಗ್ಗೂ ಇದೆ ಎಂಬುದು ನೆನಪಿರಲಿ.

ಬೆಂಕಿಯ ಗುಟ್ಟು

ಇಲ್ಲಿ ಸ್ವಲ್ಪ ಗಮನವಿಟ್ಟು ಓದಿ. ಉರಿಯುವುದು ಪೆಟ್ರೋಲಿನ ದ್ರವ ಅಲ್ಲ, ಅದರ ಆವಿ. ನಮ್ಮ ಸೀಮೆಯ ಎಂಥ ಚಳಿಯಲ್ಲೂ ಆ ಆವಿ ಏಳುತ್ತಲೇ ಇರುತ್ತದೆ. ಅದು ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೆಲ ಹಿಡಿದು ತೆವಳುತ್ತದೆ. ಜಗಲಿಯಲ್ಲಿ ಬಿಚ್ಚಿಟ್ಟ ಟ್ಯಾಂಕಿನ ಆವಿ ಮೆಟ್ಟಿಲಿಳಿದು, ಗೋಡೆಗುಂಟ ಸಾಗಿ ಬಚ್ಚಲೊಲೆಯ ಕೆಂಡ ಮುಟ್ಟಬಲ್ಲದು. ಅಲ್ಲಿ ಹೊತ್ತಿದ ಜ್ವಾಲೆ ಬಂದ ದಾರಿಯಲ್ಲೇ ಹಿಂದಕ್ಕೆ ಟ್ಯಾಂಕಿನ ತನಕ ಓಡುತ್ತದೆ.

ಇನ್ನೊಂದು ಮಾತು ಕೇಳಿದರೆ ಅಚ್ಚರಿಯಾದೀತು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯದ್ದು! ತುಂಬಿದ್ದರೆ ಒಳಗೆ ಗಾಳಿಗೆ ಜಾಗವಿಲ್ಲ. ಖಾಲಿಯಾದ ಮೇಲೆ ಆವಿಯೂ ಗಾಳಿಯೂ ಬೆರೆತು ಒಳಗೆ ಮದ್ದು ತುಂಬಿದ ಹಾಗಾಗುತ್ತದೆ. ನೂರು ಪಾಲು ಗಾಳಿಯಲ್ಲಿ ಸುಮಾರು ಒಂದೂವರೆಯಿಂದ ಏಳೂವರೆ ಪಾಲು ಆವಿ ಇದ್ದರೆ ಕಿಡಿ ಸೋಕಿದ ಕೂಡಲೇ ಸಿಡಿಯುತ್ತದೆ. "ಖಾಲಿ ಇದೆಯಲ್ಲ ಮಾರಾಯ್ತಿ, ಏನಾಗುತ್ತೆ?" ಎಂದು ಯಾರಾದರೂ ನಕ್ಕರೆ ಅವರಿಗೂ ಈ ಪುಟ ಓದಿ ಹೇಳಿ.

ಇಳಿಸುವ ದಿನ

ಅಡಿಕೆ ಸುಗ್ಗಿಯ ದಿನಗಳಲ್ಲಿ ಈ ಕೆಲಸ ಬೇಡವೇ ಬೇಡ. ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ ಹಗಲಿರುಳು ಉರಿಯುತ್ತಿರುತ್ತದೆ. ಸುಗ್ಗಿ ಮುಗಿದು, ಬಿಸಿಲು ಚುರುಕಾದ ಫೆಬ್ರುವರಿಯಿಂದ ಏಪ್ರಿಲ್ ತನಕ ಸರಿಯಾದ ಕಾಲ. ಕೆಲಸ ಗಂಡನೋ ಮಗನೋ ಮೆಕ್ಯಾನಿಕ್ಕೋ ಮಾಡಲಿ, ನೀವೇ ಮಾಡಿದರೂ ಸರಿಯೆ, ಕ್ರಮ ಇದು:

1. ಬಚ್ಚಲೊಲೆ, ಅಡಿಗೆ ಒಲೆ ಆರಿಸಿ. ಕೆಂಡದ ಮೇಲೆ ನೀರು ಚಿಮುಕಿಸಿ. ದೇವರ ದೀಪ, ಊದಿನಕಡ್ಡಿ, ಅಜ್ಜನ ಬೀಡಿ ಎಲ್ಲಕ್ಕೂ ಅಂದು ಒಂದೆರಡು ಗಂಟೆ ರಜೆ. ಮಕ್ಕಳನ್ನು ಅತ್ತೆಯವರ ಸುಪರ್ದಿಗೆ ಒಪ್ಪಿಸಿ.

2. ಇಂಜಿನ್ನು ಪೂರ್ತಿ ತಣ್ಣಗಾದ ಬೈಕನ್ನು ಅಂಗಳದ ಬಯಲಿನಲ್ಲಿ ಎರಡು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಪಕ್ಕದಲ್ಲಿ ಒಂದು ಬುಟ್ಟಿ ಮರಳು, ಒದ್ದೆ ಮಾಡಿದ ಗೋಣಿಚೀಲ ಇರಲಿ.

3. ಸೀಟು ತೆಗೆದು, ಬ್ಯಾಟರಿ ಇರುವ ಬೈಕಾದರೆ ಅದರ ನೆಗೆಟಿವ್ ವಯರನ್ನು ಮೊದಲು ಬಿಚ್ಚಿ. ಹೀಗೆ ಮಾಡಿದರೆ ಪಾನ ಎಲ್ಲೋ ತಗುಲಿ ಕಿಡಿ ಹಾರುವ ಭಯವಿಲ್ಲ.

4. ಕಾಕ್ ತಿರುಗಿಸಿ ಬಂದ್ ಮಾಡಿ, ಕಾರ್ಬೊರೇಟರಿಗೆ ಹೋಗುವ ರಬ್ಬರು ಕೊಳವೆಯನ್ನು ಬಿಚ್ಚಿ. ಆ ಕೊಳವೆಯ ತುದಿಯನ್ನು ಬಿಗಿಮುಚ್ಚಳದ ಲೋಹದ ಕ್ಯಾನಿಗೆ ಇಟ್ಟು, ಕಾಕನ್ನು ರಿಸರ್ವಿಗೆ ತಿರುಗಿಸಿದರೆ ಪೆಟ್ರೋಲು ತಾನಾಗಿ ಇಳಿಯುತ್ತದೆ. ಕೊಳವೆಯನ್ನು ಬಾಯಲ್ಲಿ ಕಚ್ಚಿ ಎಳೆಯುವ ಚಾಳಿ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಜೀವಕ್ಕೆ ಕುತ್ತು.

5. ಟ್ಯಾಂಕನ್ನು ಹಿಡಿದಿರುವುದು ಸಾಮಾನ್ಯವಾಗಿ ಹಿಂಬದಿಯ ಒಂದೆರಡು ಬೋಲ್ಟು. ಅದನ್ನು ಬಿಚ್ಚಿ, ಹಿಂಬದಿಯನ್ನು ನಾಲ್ಕು ಬೆರಳು ಎತ್ತಿ, ನಿಧಾನಕ್ಕೆ ಸೀಟಿನ ಕಡೆಗೆ ಎಳೆದರೆ ಮುಂದಿನ ರಬ್ಬರುಗಳಿಂದ ಜಾರಿ ಬರುತ್ತದೆ. ಬಾರದಿದ್ದರೆ ಗುದ್ದಬೇಡಿ. ಪೆಟ್ರೋಲು ಮಟ್ಟ ತೋರಿಸುವ ಮುಳ್ಳಿನ ವಯರೋ, ಇನ್ನೊಂದು ಕೊಳವೆಯೋ ಅಡ್ಡ ಬಂದಿರುತ್ತದೆ.

6. ಬಿಚ್ಚಿದ ಬೋಲ್ಟು, ವಾಷರು, ರಬ್ಬರುಗಳನ್ನು ಒಂದು ಅಡಿಕೆ ಹಾಳೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಮತ್ತೆ ಕೂರಿಸುವಾಗ ಕೊನೆಯಿಂದ ಶುರು ಮಾಡಿದರಾಯಿತು.

ಒಂದು ಎಚ್ಚರಿಕೆ. 2020ರ ಏಪ್ರಿಲ್ ನಂತರದ ಬಿಎಸ್-6 ಬೈಕುಗಳಲ್ಲಿ ಬಹುಪಾಲು ಕಾರ್ಬೊರೇಟರಿಲ್ಲ. ಟ್ಯಾಂಕಿನ ಒಳಗೇ ಪಂಪು ಇದ್ದು ಕೊಳವೆಯಲ್ಲಿ ಪೆಟ್ರೋಲು ಒತ್ತಡದಲ್ಲಿ ನಿಂತಿರುತ್ತದೆ. ಅಂಥದ್ದನ್ನು ಮನೆಯಲ್ಲಿ ಬಿಚ್ಚಬಾರದು. ತಿಳಿದ ಮೆಕ್ಯಾನಿಕ್ಕಿಗೇ ಕೊಡಿ.

ಇಳಿಸಿದ ಪೆಟ್ರೋಲನ್ನು ತಂಬಿಗೆ, ಕೊಳಗ, ಶರಬತ್ತಿನ ಬಾಟಲಿಗಳಲ್ಲಿ ಹಿಡಿಯಬೇಡಿ. ಬಾಯಾರಿದ ಮಗುವಿಗೆ ಅದು ನೀರಿನಂತೆಯೇ ಕಾಣುತ್ತದೆ. ತಿಳಿಯಾಗಿದ್ದರೆ ಅಂದೇ ಇನ್ನೊಂದು ಗಾಡಿಗೆ ಹಾಕಿಬಿಡಿ. ತುಕ್ಕು ಕೂಡಿದ್ದಾದರೆ ಗ್ಯಾರೇಜಿನವರಿಗೆ ಒಪ್ಪಿಸಿ. ತೋಟದ ಕಪ್ಪಿಗೆ, ಹಳ್ಳಕ್ಕೆ ಚೆಲ್ಲಿದರೆ ನಮ್ಮದೇ ಬಾವಿಯ ನೀರು ಕೆಡುತ್ತದೆ.

ಬೆಸುಗೆಯವನಿಗೆ ಎರಡು ಪ್ರಶ್ನೆ

ತೂತಿಗೆ ಗ್ಯಾಸ್ ವೆಲ್ಡಿಂಗೋ ಹಿತ್ತಾಳೆ ಬೆಸುಗೆಯೋ ಆಗಬೇಕು. ಇದು ಪಳಗಿದ ಕೈಯ ಕೆಲಸ. ಆದರೆ ಟ್ಯಾಂಕು ಕಳಿಸುವಾಗ ನೀವು ಎರಡು ಪ್ರಶ್ನೆ ಕೇಳಿಸಿ. "ಬಿಸಿನೀರು, ಸೋಪಿನಪುಡಿ ಹಾಕಿ ಮೂರು ನಾಲ್ಕು ಸಲ ತೊಳೆದಿದ್ದೀರಾ? ಬೆಂಕಿ ಹಚ್ಚುವ ಮುನ್ನ ಒಳಗೆ ನೀರು ತುಂಬಿಸುತ್ತೀರಾ?" ಅನುಭವಿಗಳು ತೂತಿನ ಜಾಗವನ್ನು ಮೇಲಕ್ಕೆ ಮಾಡಿ, ಅದರ ಸ್ವಲ್ಪ ಕೆಳಗಿನ ತನಕ ನೀರು ತುಂಬಿ, ಮುಚ್ಚಳ ಕಾಕ್ ಎರಡನ್ನೂ ತೆಗೆದೇ ಬೆಸುಗೆ ಹಾಕುತ್ತಾರೆ. ಹೀಗೆ ಮಾಡಿದರೆ ಒಳಗೆ ಆವಿಗೆ ಜಾಗವೇ ಉಳಿಯುವುದಿಲ್ಲ, ಹಬೆಗೆ ದಾರಿಯೂ ಇರುತ್ತದೆ. "ಅದೆಲ್ಲ ಬೇಡಮ್ಮ, ದಿನಾ ಮಾಡ್ತೀವಿ" ಎನ್ನುವವರಾದರೆ ಟ್ಯಾಂಕು ವಾಪಸು ತನ್ನಿ. ಅಂಗಡಿಯಲ್ಲಿರುವ ಕೆಲಸದ ಹುಡುಗನೂ ಯಾರದೋ ಮನೆಯ ಮಗ.

ಬೆಸುಗೆ ಆದಮೇಲೆ ಪರೀಕ್ಷೆ. ಪಂಚರು ಹಾಕುವವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವ ಹಾಗೆ ಇಲ್ಲೂ ನೋಡುತ್ತಾರೆ. ನೀರು ಹಾದುಹೋಗದ ಸೂಜಿತೂತಿನಲ್ಲಿ ಪೆಟ್ರೋಲು ಹಾದುಹೋಗುತ್ತದೆ. ಆದ್ದರಿಂದ ಗ್ಯಾರೇಜಿನಲ್ಲೇ ಒಂದು ರಾತ್ರಿ ಪೆಟ್ರೋಲು ತುಂಬಿಸಿ ನೋಡಿಸಿ. ಬಣ್ಣ ಬಳಿದ ಮೇಲೆ ಸೋರಿಕೆ ಕಂಡರೆ ಬಣ್ಣದ ದುಡ್ಡೂ ಹೊಳೆಗೆ ಹೋದಂತೆ. ಬೆಸುಗೆಯ ಬಿಸಿಗೆ ಬಣ್ಣ ಸುಟ್ಟುಹೋಗುತ್ತದಲ್ಲ!

ತುಕ್ಕು ತೆಗೆಯುವುದು ನಮಗೆ ಗೊತ್ತಿರುವ ವಿದ್ಯೆ

ಹಿತ್ತಾಳೆ ಬಿಂದಿಗೆಗೆ ಹುಣಿಸೆಹಣ್ಣು, ತಾಮ್ರದ ಹರಿವಾಣಕ್ಕೆ ವಾಟೆಹುಳಿ ತಿಕ್ಕುವುದು ನಮ್ಮ ಅಜ್ಜಿಯರ ಕಾಲದ್ದು. ಹುಳಿ ಲೋಹದ ಕಿಲುಬನ್ನು ಕರಗಿಸುತ್ತದೆ. ಕಬ್ಬಿಣದ ತುಕ್ಕಿಗೂ ಇದೇ ನ್ಯಾಯ. ಆದರೆ ಟ್ಯಾಂಕಿಗೆ ಹುಣಿಸೆ ಹಾಕಬೇಡಿ, ನಾರು ಒಳಗೆ ಕೂರುತ್ತದೆ. ವಿನೆಗರ್ ಅಥವಾ ನಿಂಬೆ ಉಪ್ಪನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಉಪಯೋಗಿಸಬಹುದು.

ಪೆಟ್ರೋಲು ವಾಸನೆ ಹೋಗುವ ತನಕ ಸೋಪಿನ ನೀರಿನಲ್ಲಿ ತೊಳೆದ ಟ್ಯಾಂಕಿನ ಕಾಕ್ ಜಾಗವನ್ನು ಬಿಗಿಯಾಗಿ ಮುಚ್ಚಿ. ಒಂದು ಹಿಡಿ ಸಣ್ಣ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ, ಸ್ವಲ್ಪ ನೀರಿನೊಡನೆ ಚೆನ್ನಾಗಿ ಕುಲುಕಿ. ಸಡಿಲವಾದ ತುಕ್ಕು ಉದುರುತ್ತದೆ. ಎಣಿಸಿದ ನಟ್ಟು ಎಲ್ಲ ಹೊರಬಂತೆ, ನೋಡಿಕೊಳ್ಳಿ. ಆಮೇಲೆ ಹುಳಿನೀರು ತುಂಬಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಚೆಲ್ಲಿ, ನೀರಿನಲ್ಲಿ ಜಾಲಿಸಿ, ಅಡಿಗೆ ಸೋಡಾ ಕರಗಿಸಿದ ನೀರಿನಿಂದ ಇನ್ನೊಮ್ಮೆ ತೊಳೆಯಿರಿ. ಸೋಡಾ ಉಳಿದ ಹುಳಿಯನ್ನು ಮುರಿಯುತ್ತದೆ. ಕೂಡಲೇ ಬಿಸಿಲಿನಲ್ಲಿ ಖಡಖಡ ಒಣಗಿಸಿ, ಒಳಮೈಗೆ ತೆಳುವಾಗಿ ಇಂಜಿನ್ ಆಯಿಲ್ ತಾಗುವಂತೆ ಆಡಿಸಿ. ತಡ ಮಾಡಿದರೆ ತೊಳೆದ ಕಬ್ಬಿಣ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ, ತೊಳೆದಿಟ್ಟ ದೋಸೆಕಾವಲಿಗೆ ಎಣ್ಣೆ ಸವರದೆ ಬಿಟ್ಟಂತೆ.

ಬಣ್ಣದ ಮಾತು

ಹಳೆಯ ಬಣ್ಣ ಉಜ್ಜುವಾಗ ನೀರು ಹಾಕಿಕೊಂಡು ವಾಟರ್ ಪೇಪರಿನಿಂದಲೇ ಉಜ್ಜಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುವುದುಂಟು. ಅದರ ಧೂಳು ಮಕ್ಕಳ ಮೈಗೆ ಒಳ್ಳೆಯದಲ್ಲ. ಡೊಂಕು ತಿದ್ದಿ, ಬೇಕಾದಲ್ಲಿ ಮಾತ್ರ ತೆಳುವಾಗಿ ಪುಟ್ಟಿ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪಿನ ಲ್ಯಾಕರ್ ಎಂಬುದು ಕ್ರಮ. ಪುಟ್ಟಿ ದಪ್ಪ ಮೆತ್ತಿದರೆ ಬೈಕಿನ ಅದುರಾಟಕ್ಕೆ ಒಂದೆರಡು ವರ್ಷದಲ್ಲೇ ಬಿರಿಯುತ್ತದೆ. "ಪೆಟ್ರೋಲು ಚೆಲ್ಲಿದರೂ ಏಳದ ಲ್ಯಾಕರ್ ಹಾಕಿ" ಎಂದು ಮೊದಲೇ ಹೇಳಿ. ಇಲ್ಲವಾದರೆ ಬಂಕಿನಲ್ಲಿ ನಾಲ್ಕು ಹನಿ ಬಿದ್ದಲ್ಲಿ ಬಣ್ಣ ಮೆತ್ತಗಾಗಿ ಕಲೆ ಕೂರುತ್ತದೆ. ಗಟ್ಟಿಗೊಳಿಸುವ ದ್ರವ ಬೆರೆಸುವ ಬಣ್ಣಗಳ ತುಂತುರು ಉಸಿರಿಗೆ ಕೆಟ್ಟದ್ದು. ಮನೆಯಂಗಳದಲ್ಲಿ ಅದನ್ನು ಹೊಡೆಸಬೇಡಿ. ದಮ್ಮು ಇರುವವರಿದ್ದರಂತೂ ಸುತರಾಂ ಬೇಡ.

ಮಳೆಗಾಲದಲ್ಲಿ ಬಣ್ಣ ಯಾಕೆ ಬೇಡ? ಥಿನ್ನರ್ ಆರುವಾಗ ತಗಡು ತಂಪಾಗಿ, ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂರುತ್ತದೆ. ಆಗ ಕಡುಗೆಂಪು ಬಣ್ಣವೂ ಮಜ್ಜಿಗೆ ಚೆಲ್ಲಿದ ಹಾಗೆ ಮಂಕಾಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಮುಗಿಸಿಕೊಳ್ಳಿ ಎಂದದ್ದು.

ಗೆರೆಗಳ ವಿಷಯ ಬಂದಾಗ ನಮ್ಮ ಸೀಮೆಯ ಹೆಂಗಸರ ನೆನಪಾಗದೆ ಇರದು. ಬುಲೆಟ್ಟಿನ ಟ್ಯಾಂಕಿನ ಮೇಲಿನ ಚಿನ್ನದ ಗೆರೆಯನ್ನು ಚೆನ್ನೈನ ಕಾರ್ಖಾನೆಯಲ್ಲಿ ಕೈಯಿಂದಲೇ ಎಳೆಯುವ ಪದ್ಧತಿ ಹೆಸರಾದದ್ದು. ಅಂಥ ಕೈ ನಮ್ಮಲ್ಲಿಲ್ಲವೆ? ಸಾಗರದ ಸುತ್ತಿನ ದೀವರ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚದಲ್ಲಿ, ಅಕ್ಕಿಹಿಟ್ಟಿನ ಬಿಳಿಯಿಂದ ಕೆಮ್ಮಣ್ಣಿನ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ ಆ ಗೆರೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಪೇಂಟರ್ "ಸ್ಟಿಕ್ಕರ್ ಅಂಟಿಸಿಬಿಡೋಣ" ಎಂದಾಗ, ಗೆರೆ ಎಳೆಯಬಲ್ಲ ಮಗಳೋ ಸೊಸೆಯೋ ಮನೆಯಲ್ಲಿದ್ದರೆ ಕೊನೆಯ ಲ್ಯಾಕರಿಗೆ ಮುನ್ನ ಅವಳ ಕೈಗೂ ಒಂದು ಕುಂಚ ಕೊಟ್ಟು ನೋಡಿ.

ಬೈಕಿನ ಬಣ್ಣವನ್ನೇ ಬದಲಾಯಿಸುವ ಆಸೆ ಇದ್ದರೆ ಒಂದು ಮಾತು ನೆನಪಿಡಿ. ಆರ್.ಸಿ.ಯಲ್ಲಿ ಗಾಡಿಯ ಬಣ್ಣವೂ ದಾಖಲಾಗಿರುತ್ತದೆ. ನಂಬರು ಕೆಎ-15 ಆದರೆ ಸಾಗರದ, ಕೆಎ-14 ಆದರೆ ಶಿವಮೊಗ್ಗದ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮೊದಲಿದ್ದ ಬಣ್ಣವನ್ನೇ ಹಾಕಿಸಿದರೆ ಈ ಓಡಾಟವಿಲ್ಲ.

ಅವಘಡವಾದರೆ

ಪೆಟ್ರೋಲಿಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಸಣ್ಣದಾದರೆ ಮರಳು, ಒದ್ದೆ ಗೋಣಿ. ದೊಡ್ಡದಾದರೆ ಮನೆಯವರನ್ನೆಲ್ಲ ಹೊರಗೆ ಕರೆದು 112ಕ್ಕೆ ಫೋನು ಮಾಡಿ. ಸೀರೆಗೆ ಹೊತ್ತಿಕೊಂಡರೆ ಓಡಬಾರದು. ನೆಲಕ್ಕೆ ಬಿದ್ದು ಹೊರಳಬೇಕು, ಪಕ್ಕದವರು ಕಂಬಳಿ ಮುಚ್ಚಬೇಕು. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಶಾಯಿ, ಟೂತ್‌ಪೇಸ್ಟು, ತುಪ್ಪ ಯಾವುದೂ ಬೇಡ.

ಮಗು ಪೆಟ್ರೋಲು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುವುದೇ ಹೆಚ್ಚು ಅಪಾಯ. ಆಟವಾಡುತ್ತಿದ್ದರೂ ಸರಿ, ನೇರ ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಫೋನು ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ.

ಚಿಕ್ಕದೊಂದು ಉಪಾಯವನ್ನೂ ಹೇಳಿಬಿಡುತ್ತೇನೆ. ಕೆಲಸ ಮುಗಿಸಿದವರ ಜಿಡ್ಡುಗೈಗೆ ಒಂದು ಚಮಚ ಸಕ್ಕರೆ, ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿಸಿ, ಆಮೇಲೆ ಸೀಗೆಪುಡಿಯಿಂದ ತೊಳೆಸಿ. ಪೆಟ್ರೋಲಿನಲ್ಲಿ ಕೈ ತೊಳೆದರೆ ಚರ್ಮ ಬಿರಿಯುತ್ತದೆ. ಪೆಟ್ರೋಲು ತಾಗಿದ ಬಟ್ಟೆಯನ್ನು ಹೊರಗಿನ ತಂತಿಯಲ್ಲಿ ಗಾಳಿಗೆ ಹಾಕಿ, ವಾಸನೆ ಹೋದಮೇಲೆ ಒಗೆಯಿರಿ. ಬಚ್ಚಲೊಲೆಯ ಮೇಲಿನ ಗಳುವಿಗೆ ಹರವಬೇಡಿ.

ಈ ಬೇಸಿಗೆಯಲ್ಲಿ ಯಜಮಾನರು "ಟ್ಯಾಂಕು ಬಿಚ್ಚಬೇಕು ಕಣೇ" ಅಂದ ದಿನ ನೀವು ಮೊದಲು ಮಾಡಬೇಕಾದ ಕೆಲಸ ಗೊತ್ತಾಯಿತಲ್ಲ? ಸ್ನಾನದ ನೀರು ಬೇಗ ಕಾಯಿಸಿ ಎಲ್ಲರಿಗೂ ಮುಗಿಸಿ, ಒಲೆಯ ಕೆಂಡಕ್ಕೆ ನೀರು ಹಾಕಿ, "ಹೂಂ, ಈಗ ಬಿಚ್ಚಿ" ಅನ್ನಿ. ಅಲ್ಲಿಯವರೆಗೆ ಪಾನ ನಿಮ್ಮ ಕೈಯಲ್ಲೇ ಇರಲಿ.